31 ಇಂಚಿನ ಬಡಗಿ ಮೇಜು: ವರ್ಷಗಟ್ಟಲೆ ಬಳಸಿದ ಮೇಲೆ

ಲಾಕ್‌ಡೌನ್ ಮುಗಿದ ವರ್ಷ ಧಾರವಾಡದ ನಮ್ಮ ಮನೆ ಹಿತ್ತಲಿನ ಶೆಡ್ಡಿಗೆ ಈ ಮೇಜು ಮಾಡಿಸಿದೆ. ರೆಡಿಮೇಡ್ ಸಿಗುವವು ಹೆಚ್ಚಾಗಿ 34ರಿಂದ 36 ಇಂಚು ಎತ್ತರ. ಮಷಿನ್ ಇಟ್ಟು ಕೆಲಸ ಮಾಡುವವರಿಗೆ ಅದು ಸರಿ. ನನ್ನದು ಬರೀ ಕಟ್ಟಿಗೆ ಉಜ್ಜಿ ನುಣುಪು ಮಾಡುವ ತೋಪಡ, ಗರಗಸ, ಉಳಿ. ಹುಬ್ಬಳ್ಳಿಯಲ್ಲಿ ಹಳೇ ಮನೆ ಕಟ್ಟಿಗೆ ಮಾರುವ ಕಡೆ ಸಾಗವಾನಿ ತೊಲೆ ಹುಡುಕಿ, ಪರಿಚಯದ ಬಡಿಗೇರ ಕಾಕಾ ಕೈಗೆ ಕೊಟ್ಟೆ.

ಅಡುಗೆ ಕಟ್ಟೆಯಷ್ಟು ಎತ್ತರ ಸಾಕಲ್ವಾ ಅಂತ ನನ್ನ ಹೆಂಡತಿ ಕೇಳಿದಳು. ಕಾಕಾ ನಕ್ಕರು. "ತಂಗೀ, ಆ ಎತ್ತರಕ್ಕ ರೊಟ್ಟಿ ಬಡ್ಯಾಕ ಬರ್ತೈತಿ, ತೋಪಡಾ ಹೊಡ್ಯಾಕ ಬರಂಗಿಲ್ಲ."

ಮಾತು ನಿಜ. ತೋಪಡ ಹೊಡೆಯುವಾಗ ಮೈಭಾರ ಅದರ ಮೇಲೆ ಬೀಳಬೇಕು, ತಳ್ಳುವ ಬಲ ಕಾಲು ಸೊಂಟದಿಂದ ಬರಬೇಕು. ಮೇಜು ಎತ್ತರವಾದರೆ ಮೊಣಕೈ ಮಡಚಿ ಬರೀ ತೋಳಿನಿಂದ ತಳ್ಳಬೇಕಾಗುತ್ತದೆ, ಸ್ವಲ್ಪ ಹೊತ್ತಿಗೇ ಭುಜ ಸೋಲುತ್ತದೆ. ಅಳತೆ ಹೀಗೆ: ಕೆಲಸಕ್ಕೆ ಹಾಕುವ ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಂತು ಕೈ ಇಳಿಬಿಡಿ. ಮಣಿಕಟ್ಟಿಗೂ ಬೆರಳ ಗೆಣ್ಣಿಗೂ ನಡುವೆ ಎಲ್ಲಾದರೂ ಮೇಜಿನ ಮೇಲ್ಮೈ ಬರಬೇಕು. ನಾನು 5 ಅಡಿ 7 ಇಂಚು. ಮಣಿಕಟ್ಟು ನೆಲದಿಂದ ಮೂವತ್ತೆರಡೂವರೆ, ಗೆಣ್ಣು 29ರ ಸುಮಾರು. ಕಾಕಾ ಬೇಕಂತಲೇ ಕಾಲು ಉದ್ದ ಬಿಟ್ಟಿದ್ದರು. ಕೆಲವು ವಾರ ಬಳಸಿ ನೋಡಿ 31ಕ್ಕೆ ಕೊಯ್ಸಿದೆ.

ತೋಪಡ ಯಾವುದು ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ನಾನು ಜಾಸ್ತಿ ಹಿಡಿಯೋದು ಕಬ್ಬಿಣದ ನಂಬರ್ 5, ಅಂದರೆ ಮಧ್ಯಮ ಉದ್ದದ ತೋಪಡ. ಮರದ ತೋಪಡದ ಮೈಯೇ ದಪ್ಪ, ಕೈ ಇನ್ನೂ ಮೇಲೆ ಹೋಗುತ್ತದೆ. ಅದನ್ನೇ ನಂಬಿದವರು ಒಂದೆರಡು ಇಂಚು ಇಳಿಸಿಕೊಳ್ಳಲಿ. ದಪ್ಪ ತೊಲೆ ಉಜ್ಜುವವರಿಗೂ ಇದೇ ಮಾತು. ಕಾಕಾಗಂತೂ ಇದ್ಯಾವುದರ ಗೊಡವೆಯೇ ಇಲ್ಲ. ಅವರು ಇವತ್ತಿಗೂ ನೆಲದ ಮೇಲೆ ಕೂತು, ಕಟ್ಟಿಗೆಯನ್ನು ಪಾದದಲ್ಲಿ ಒತ್ತಿ ಹಿಡಿದು ಉಳಿ ಹೊಡೆಯುತ್ತಾರೆ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಡವ್‌ಟೇಲ್ (ಪಾರಿವಾಳದ ಬಾಲದ ಆಕಾರದ ಹಲ್ಲುಗಳು ಒಂದರೊಳಗೊಂದು ಕೂರುವ ಜೋಡಣೆ) ಕೊಯ್ಯುವಾಗ, ಸಣ್ಣ ಗುರುತು ಹಾಕುವಾಗ 31 ಇಂಚು ತೀರಾ ಕೆಳಗೆ. ಬಗ್ಗಿ ಬಗ್ಗಿ ಬೆನ್ನು ಹಿಡಿಯುತ್ತದೆ. ಅದಕ್ಕೆ 7 ಇಂಚು ಎತ್ತರದ ಒಂದು ಪುಟ್ಟ ಮೇಜು ಮಾಡಿ, ಬೇಕಾದಾಗ ಇದರ ಮೇಲೆ ಕ್ಲಾಂಪ್ ಹಾಕಿ ಕೂರಿಸುತ್ತೇನೆ. ಕೆಲಸ ಮೊಣಕೈ ಹತ್ತಿರಕ್ಕೆ ಬರುತ್ತದೆ, ಗೆರೆ ಚೆನ್ನಾಗಿ ಕಾಣುತ್ತದೆ. ಒಂದೇ ಮೇಜು ಎರಡಕ್ಕೂ ಆಗಲಿ ಅಂತ ನಡುವಿನ ಎತ್ತರ ಹಿಡಿದರೆ ಎರಡೂ ಕೆಲಸಕ್ಕೆ ಅರೆಬರೆ ಅನ್ನೋದು ನನ್ನ ಅಭಿಪ್ರಾಯ.

ಬಾಳಿಕೆ ಬಗ್ಗೆ ದೂರಿಲ್ಲ. 3 ಇಂಚು ದಪ್ಪದ ಹಲಗೆ, ಧಾರವಾಡದ ಮಳೆಗೆ ಚೂರು ಉಬ್ಬುತ್ತದೆ, ಬೇಸಿಗೆಗೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಮೇಲ್ಮೈ ಉಜ್ಜಿ ಮಟ್ಟ ಮಾಡಿದರೆ ಆಯ್ತು. ಹಳೇ ತೊಲೆಯಲ್ಲಿ ಮುರಿದು ಉಳಿದಿದ್ದ ಮೊಳೆಯೊಂದು ಬ್ಲೇಡಿನ ಅಂಚು ಹಾರಿಸಿತು. ಇಂಥ ಕಟ್ಟಿಗೆ ತರುವವರು ಮೊದಲು ಮ್ಯಾಗ್ನೆಟ್ ಆಡಿಸಿ ನೋಡಿ. ಫರಸಿ ನೆಲದ ಮೇಲೆ ಕಾಲು ಜಾರದಂತೆ ಅಡಿಗೆ ರಬ್ಬರ್ ತುಂಡು ಹಾಕಿದ್ದೇನೆ. ಹಾಕುವ ಮುಂಚೆಯೇ ಅದರ ದಪ್ಪವನ್ನೂ ಎತ್ತರದಲ್ಲಿ ಸೇರಿಸಿ ಅಳೆದುಕೊಳ್ಳಿ.

ನನ್ನ ತಮ್ಮ ಆರಡಿ ಆಳು. ಇದೇ ಮೇಜಿನ ಮುಂದೆ ಅರ್ಧ ತಾಸು ನಿಂತರೆ ಅವನಿಗೆ ಸೊಂಟ ನೋವು. ಈಗ ಕಾಕಾ ಹತ್ತಿರ ಅವನಿಗೂ ಒಂದು ಹೇಳಿದ್ದೇವೆ, ಮೂವತ್ಮೂರೂವರೆ ಇಂಚಿನದು. ಕಾಲು ಮಾತ್ರ ಸದ್ಯಕ್ಕೆ 35 ಇರಲಿ ಅಂದಿದ್ದೇನೆ.