ಅಮ್ಮನ ಪಾಸ್‌ಬುಕ್ಕು ಮತ್ತು ಮೂಲ ಉಳಿತಾಯ ಖಾತೆ: ಆರು ವರ್ಷಗಳ ಬಳಕೆಯ ಅನುಭವ

ಚನ್ನರಾಯಪಟ್ಟಣದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಮ್ಮ ಎರಡು ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಹಾಲಿನ ಬಟವಾಡೆಯೂ, ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಅವರ ಬ್ಯಾಂಕ್ ಖಾತೆಗೇ ಜಮೆಯಾಗುತ್ತವೆ. 2019ರ ಆಗಸ್ಟ್‌ನಲ್ಲಿ ರಜೆಗೆ ಊರಿಗೆ ಹೋಗಿದ್ದಾಗ, ಬಹಳ ದಿನದಿಂದ ಪಾಸ್‌ಬುಕ್ ಎಂಟ್ರಿ ಮಾಡಿಸಿಲ್ಲವೆಂದು ಅಮ್ಮ ಹೇಳಿದ್ದರಿಂದ ಪಟ್ಟಣದ ಶಾಖೆಗೆ ಹೋಗಿ ಎಂಟ್ರಿ ಹಾಕಿಸಿದೆ. ಹದಿನಾಲ್ಕು ತಿಂಗಳ ಲೆಕ್ಕ ನಾಲ್ಕು ಪುಟಗಳಲ್ಲಿ ಅಚ್ಚಾಗಿ ಬಂತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಒಂದೊಂದೇ ಸಾಲನ್ನು ಓದುತ್ತಾ ಹೋದಂತೆ 88.50 ಎಂಬ ಒಂದೇ ಮೊತ್ತ ಒಂಬತ್ತು ಕಡೆ ಕಾಣಿಸಿತು. ಕನಿಷ್ಠ ಶಿಲ್ಕು (ಬ್ಯಾಲೆನ್ಸ್) ಇಡದಿದ್ದುದಕ್ಕೆ 75 ರೂಪಾಯಿ ದಂಡ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ. ಅದರ ಜೊತೆಗೆ ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ 177 ರೂಪಾಯಿ ಮತ್ತು ಎಸ್‌ಎಂಎಸ್ ಶುಲ್ಕವೆಂದು ನಾಲ್ಕು ಬಾರಿ 17.70. ಒಟ್ಟು 1,044 ರೂಪಾಯಿ 30 ಪೈಸೆ. ಅಮ್ಮನಿಗೆ ಆಗ ಸಿಗುತ್ತಿದ್ದ ದರದಲ್ಲಿ ಅದು ಸುಮಾರು ನಲವತ್ತು ಲೀಟರ್ ಹಾಲಿನ ದುಡ್ಡು.

ಆ ಬ್ಯಾಂಕಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾನು ವಿಮರ್ಶಿಸಲು ಹೊರಟಿರುವುದು ಬ್ಯಾಂಕನ್ನಲ್ಲ; ಆ ವರ್ಷ ಸೆಪ್ಟೆಂಬರ್‌ನಲ್ಲಿ ಅಮ್ಮನ ಹೆಸರಿಗೆ ಮಾಡಿಸಿದ, ಇಂದಿಗೂ ಬಳಕೆಯಲ್ಲಿರುವ ಮೂಲ ಉಳಿತಾಯ ಠೇವಣಿ ಖಾತೆಯನ್ನು. ಜನರ ಬಾಯಲ್ಲಿ ಇದು ಝೀರೋ ಬ್ಯಾಲೆನ್ಸ್ ಖಾತೆ.

ದಂಡ ಬೀಳುತ್ತಿದ್ದುದು ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮೂರಿನಲ್ಲಿ ಇದನ್ನು ಸರಿಯಾಗಿ ತಿಳಿದವರನ್ನು ನಾನು ಕಂಡಿಲ್ಲ. ‘ತಿಂಗಳಿಗೆ ಏಳು ಸಾವಿರ ಬರುತ್ತಲ್ಲ, ಎರಡು ಸಾವಿರ ಇರಬೇಕು ಅಂದರೆ ಇದ್ದೇ ಇದೆಯಲ್ಲ’ ಎನ್ನುವುದು ಅಮ್ಮನ ವಾದವಾಗಿತ್ತು. ಆದರೆ ಬ್ಯಾಂಕು ನೋಡುವುದು ಖಾತೆಗೆ ಎಷ್ಟು ಬಂತು ಎಂಬುದನ್ನಲ್ಲ. ಪ್ರತಿದಿನ ವ್ಯವಹಾರ ಮುಗಿದಾಗ ಖಾತೆಯಲ್ಲಿ ಉಳಿದಿದ್ದ ಶಿಲ್ಕನ್ನು ಕೂಡಿ, ತಿಂಗಳ ದಿನಗಳಿಂದ ಭಾಗಿಸಿ ಬರುವ ಸರಾಸರಿಯನ್ನು. ಅಮ್ಮನ ಖಾತೆಯಲ್ಲಿ ಸಾಮಾನ್ಯವಾಗಿ 100 ರೂಪಾಯಿ ಇರುತ್ತಿತ್ತು. ತಿಂಗಳಿಗೆ ಎರಡು ಸಲ 3,500 ರೂಪಾಯಿ ಬಟವಾಡೆ ಬಂದು ಮರುದಿನವೇ ಹಿಂಡಿ, ಬೂಸಾ, ಮನೆ ಸಾಮಾನಿಗೆಂದು ಖಾಲಿಯಾಗುತ್ತಿತ್ತು. ಅಂದರೆ ಎರಡು ದಿನ ಮಾತ್ರ 3,600 ರೂಪಾಯಿ, ಉಳಿದ ಇಪ್ಪತ್ತೆಂಟು ದಿನ 100 ರೂಪಾಯಿ. ಎಲ್ಲವನ್ನೂ ಕೂಡಿದರೆ 10,000; ಮೂವತ್ತರಿಂದ ಭಾಗಿಸಿದರೆ ಸರಾಸರಿ ಕೇವಲ 333. ಇದೇ ಲೆಕ್ಕವನ್ನು ತಿರುಗಿಸಿದರೆ, ಕೈಯಲ್ಲಿ 12,000 ರೂಪಾಯಿ ಇರುವವರು ಅದನ್ನು ಐದು ದಿನ ಖಾತೆಯಲ್ಲಿ ಬಿಟ್ಟು ಆರನೆಯ ದಿನ ತೆಗೆದರೂ ಆ ತಿಂಗಳಿಗೆ 2,000ದ ಸರಾಸರಿ ಬಂದುಬಿಡುತ್ತದೆ. ದುಡ್ಡು ಇರುವವರು ದಂಡದಿಂದ ತಪ್ಪಿಸಿಕೊಳ್ಳುವುದು ಹೀಗೆ ಸುಲಭ; ಬಂದ ದಿನವೇ ಖರ್ಚು ಕಾದಿರುವವರಿಗೆ ಆ ದಾರಿ ಇಲ್ಲ. ಈ ಅನ್ಯಾಯ ನನ್ನನ್ನು ಇಂದಿಗೂ ಬಾಧಿಸುತ್ತದೆ.

ದಂಡ ಹಾಕುವುದಕ್ಕೂ ನಿಯಮಗಳಿವೆ. ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಹೊರಡಿಸಿ 2015ರ ಏಪ್ರಿಲ್ 1ರಿಂದ ಜಾರಿಗೆ ತಂದ ಸೂಚನೆಯ ಪ್ರಕಾರ, ಶಿಲ್ಕು ಕಡಿಮೆಯಾದರೆ ಬ್ಯಾಂಕು ಗ್ರಾಹಕರಿಗೆ ಮೊದಲು ತಿಳಿಸಬೇಕು, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು, ಎಷ್ಟು ಕೊರತೆಯಿದೆಯೋ ಅದಕ್ಕೆ ತಕ್ಕಂತೆ ದಂಡ ಹಾಕಬೇಕು ಮತ್ತು ದಂಡದ ಕಾರಣಕ್ಕೇ ಖಾತೆಯ ಶಿಲ್ಕು ಸೊನ್ನೆಗಿಂತ ಕೆಳಗಿಳಿಯಬಾರದು. ಶಾಖೆಯಲ್ಲಿ ಕೇಳಿದಾಗ ‘ಮೆಸೇಜ್ ಕಳಿಸಿದ್ದೇವಲ್ಲ ಸರ್’ ಎಂದರು. ನಿಜ, ಕಳಿಸಿದ್ದರು, ಎರಡು ವರ್ಷದ ಹಿಂದೆ ಕೆಟ್ಟುಹೋಗಿ ಬಿಟ್ಟುಬಿಟ್ಟಿದ್ದ ಹಳೆಯ ಸಿಮ್ಮಿನ ನಂಬರಿಗೆ. ಆ ನಂಬರನ್ನು ಬದಲಿಸದೇ ಇದ್ದುದು ನಮ್ಮ ಕಡೆಯ ತಪ್ಪು. ಹಾಗಾಗಿ ಹಳೆಯ ದಂಡವನ್ನು ವಾಪಸು ಕೇಳುವ ಬಲ ನಮಗೆ ಉಳಿಯಲಿಲ್ಲ.

ಮೂಲ ಉಳಿತಾಯ ಖಾತೆಯ ಸಂಗತಿ ನನಗೆ ತಿಳಿದಿದ್ದು ಆಗಲೇ. 2005ರಲ್ಲಿ ಸರಳ ಖಾತೆಯೆಂದು ಶುರುವಾದದ್ದು 2012ರಲ್ಲಿ ಈ ಹೆಸರು ಪಡೆಯಿತು. 2019ರ ಜೂನ್ 10ರ ಸುತ್ತೋಲೆಯ ಮೂಲಕ ರಿಸರ್ವ್ ಬ್ಯಾಂಕ್ ಇದರ ನಿಯಮಗಳನ್ನು ಸಡಿಲಿಸಿ ಜುಲೈ 1ರಿಂದ ಜಾರಿಗೆ ತಂದಿತ್ತು. ಕನಿಷ್ಠ ಶಿಲ್ಕಿನ ಕಟ್ಟುಪಾಡು ಇಲ್ಲ, ಎಷ್ಟು ಸಲ ಬೇಕಾದರೂ ಹಣ ಜಮೆ ಮಾಡಬಹುದು, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಹಣ ತೆಗೆಯುವುದು ಉಚಿತ, ಎಟಿಎಂ ಕಾರ್ಡಿಗೆ ಶುಲ್ಕವಿಲ್ಲ, ಖಾತೆ ಬಳಸದೇ ಬಿಟ್ಟರೂ ಮತ್ತೆ ಚಾಲೂ ಮಾಡಿಸಿದರೂ ಕಾಸು ಕೇಳುವಂತಿಲ್ಲ. ಇದು ಬಡವರಿಗೆ ಮಾತ್ರ ಎಂಬ ಷರತ್ತು ಎಲ್ಲೂ ಇಲ್ಲ. ಯಾರು ಬೇಕಾದರೂ ತೆರೆಯಬಹುದಾದ ಸಾಮಾನ್ಯ ಬ್ಯಾಂಕಿಂಗ್ ಸೇವೆಯೆಂದೇ ರಿಸರ್ವ್ ಬ್ಯಾಂಕ್ ಇದನ್ನು ಕರೆದಿದೆ. ಪ್ರತಿಯಾಗಿ ಒಂದು ಕಟ್ಟುಪಾಡು ಉಂಟು: ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಕೂಡದು, ಇದ್ದರೆ ಮೂವತ್ತು ದಿನದೊಳಗೆ ಮುಚ್ಚಬೇಕು. ಬೇರೆ ಬ್ಯಾಂಕಿನಲ್ಲಿ ಇಂಥದೇ ಮೂಲ ಖಾತೆ ಇಲ್ಲವೆಂದು ಘೋಷಣೆಯನ್ನೂ ಬರೆದುಕೊಡಬೇಕು.

ಕೌಂಟರಿನಲ್ಲಿ ಮೊದಲ ದಿನ ಸಿಕ್ಕ ಉತ್ತರ, ‘ಅದು ಜನಧನದ್ದು, ಈಗ ಕೊಡ್ತಿಲ್ಲ’ ಎಂದು. ಜನಧನ ಖಾತೆ 2014ರ ಆಗಸ್ಟ್ 28ರಂದು ಶುರುವಾದ ಯೋಜನೆಯ ಅಡಿಯಲ್ಲಿ ಬರುತ್ತದೆ. ಅದಕ್ಕೆ ರುಪೇ ಕಾರ್ಡಿನ ಅಪಘಾತ ವಿಮೆ, 10,000 ರೂಪಾಯಿವರೆಗಿನ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವ ಸಾಲ) ಮುಂತಾದ ಸೌಲಭ್ಯಗಳಿವೆ. ಮೂಲ ಖಾತೆ ಆ ಯೋಜನೆಗಿಂತ ಹಳೆಯದು, ಅದನ್ನು ಕೊಡಲು ಜನಧನವೇ ಆಗಬೇಕೆಂದಿಲ್ಲ. ವಾದ ಮಾಡುವುದನ್ನು ಬಿಟ್ಟು, ಅಮ್ಮನ ಈಗಿನ ಖಾತೆಯನ್ನೇ ಮೂಲ ಉಳಿತಾಯ ಖಾತೆಗೆ ಬದಲಾಯಿಸಿಕೊಡಬೇಕೆಂದು ಕನ್ನಡದಲ್ಲಿ ಒಂದು ಅರ್ಜಿ ಬರೆದು, ಎರಡನೆಯ ಪ್ರತಿಗೆ ಸ್ವೀಕೃತಿಯ ಸೀಲು ಹಾಕಿಕೊಡಿ ಎಂದೆ. ಸೀಲು ಹಾಕಬೇಕೆಂದಾಗ ಅರ್ಜಿ ಮ್ಯಾನೇಜರರ ಟೇಬಲ್ಲಿಗೆ ಹೋಯಿತು. ಅವರು ಓದಿ ನೋಡಿ, ‘ಅಮ್ಮಾ, ಚೆಕ್‌ಬುಕ್ ಬೇಡ ಅಲ್ವಾ?’ ಎಂದು ಕೇಳಿ ಸಹಿ ಮಾಡಿದರು. ಖಾತೆ ಸಂಖ್ಯೆ ಅದೇ ಉಳಿಯಿತು. ಡೇರಿಗಾಗಲಿ ಪ್ರೋತ್ಸಾಹಧನಕ್ಕಾಗಲಿ ಮತ್ತೆ ದಾಖಲೆ ಕೊಡುವ ಓಡಾಟ ತಪ್ಪಿತು. ಹೊಸ ಖಾತೆ ತೆರೆಯುವುದಕ್ಕಿಂತ ಇರುವುದನ್ನೇ ಬದಲಾಯಿಸಿಕೊಳ್ಳುವುದು ಒಳ್ಳೆಯದೆಂದು ನಾನು ಹೇಳುವುದು ಈ ಕಾರಣಕ್ಕೆ.

ಬಳಕೆಯಲ್ಲಿ ನಿಜವಾಗಿ ತೊಂದರೆ ಕೊಟ್ಟದ್ದು ‘ನಾಲ್ಕು ಸಲ’ ಎಂಬ ಮಿತಿ. ಶಾಖೆಯಲ್ಲಿ ತೆಗೆದರೂ ಎಟಿಎಂನಲ್ಲಿ ತೆಗೆದರೂ ಅದು ಲೆಕ್ಕಕ್ಕೆ ಸೇರುತ್ತದೆ. ಅಮ್ಮನಿಗೆ ಬಟವಾಡೆಯ ಹಿಂದೆ ಎರಡು ಸಲ ಸಾಕು. ಆದರೆ ನನ್ನ ತಮ್ಮ ಅಮ್ಮನ ಫೋನಿನಲ್ಲಿ ಯುಪಿಐ ಹಾಕಿಕೊಟ್ಟು, ಹಿಂಡಿ ಅಂಗಡಿಗೂ ಔಷಧಿ ಅಂಗಡಿಗೂ ಅದರಲ್ಲೇ ಕೊಡಲು ಶುರುಮಾಡಿದ. 2020ರ ಫೆಬ್ರುವರಿಯ ಪುಟದಲ್ಲಿ ಕರುವಿನ ಜಂತುಹುಳದ ಔಷಧಿಗೆ ಕೊಟ್ಟ 60 ರೂಪಾಯಿಯ ಕೆಳಗೆ 17.70 ಎಂಬ ಕಡಿತ ಕಾಣಿಸಿತು. ಆ ತಿಂಗಳು ಅಂಥವು ಮೂರು. ನಾಲ್ಕರ ನಂತರದ ಯುಪಿಐ ಪಾವತಿಯನ್ನೂ ಬ್ಯಾಂಕು ಹಣ ತೆಗೆದಂತೆಯೇ ಎಣಿಸಿ 15 ರೂಪಾಯಿ ಮತ್ತು ತೆರಿಗೆ ಹಾಕಿತ್ತು. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗಳ ಮೇಲೆ 2020ರ ಜನವರಿ 1ರಿಂದ ವಸೂಲಿ ಮಾಡಿದ ಶುಲ್ಕವನ್ನು ಹಿಂತಿರುಗಿಸುವಂತೆ ಕೇಂದ್ರ ನೇರ ತೆರಿಗೆ ಮಂಡಳಿ ಅದೇ ವರ್ಷದ ಆಗಸ್ಟ್ 30ರಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಅದರ ಪ್ರತಿಯನ್ನು ಅಚ್ಚು ಹಾಕಿಸಿ, ಪಾಸ್‌ಬುಕ್ ಪುಟದ ಜೆರಾಕ್ಸ್ ಜೊತೆ ಕೊಟ್ಟ ಮೇಲೆ ಅಕ್ಟೋಬರ್‌ನಲ್ಲಿ 53 ರೂಪಾಯಿ 10 ಪೈಸೆ ವಾಪಸು ಜಮೆಯಾಯಿತು. ಮೊತ್ತ ಸಣ್ಣದು. ಅಮ್ಮ ಮಾತ್ರ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿಸಿಕೊಂಡರು.

2022ರಲ್ಲಿ ಇನ್ನೊಂದು ಸಲ, ಉಚಿತವಿರಬೇಕಾದ ಕಾರ್ಡಿಗೆ ವಾರ್ಷಿಕ ಶುಲ್ಕ ಬಿತ್ತು. ಆ ಹೊತ್ತಿಗೆ 2021ರ ನವೆಂಬರ್ 12ರಿಂದ ಗ್ರಾಹಕರ ದೂರುಗಳನ್ನು ಬಗೆಹರಿಸುವ ರಿಸರ್ವ್ ಬ್ಯಾಂಕಿನ ಏಕೀಕೃತ ಒಂಬುಡ್ಸ್‌ಮನ್ ಯೋಜನೆ ಬಂದಿತ್ತು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಖರ್ಚಿಲ್ಲದೆ ಅಲ್ಲಿಗೆ ಹೋಗಬಹುದು. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ, ಹನ್ನೆರಡನೆಯ ದಿನಕ್ಕೆ ದುಡ್ಡು ಮರಳಿತು. ಅಂದಿನಿಂದ ಈವರೆಗೆ ಖಾತೆಯಲ್ಲಿ ಬ್ಯಾಂಕಿನ ಶುಲ್ಕವೆಂಬ ಒಂದು ಸಾಲೂ ಇಲ್ಲ. ಪ್ರತಿವರ್ಷ ಮೇ ತಿಂಗಳ ಕೊನೆಗೆ ಕಾಣುವ 20 ರೂಪಾಯಿ ಅಪಘಾತ ವಿಮೆಯ ಕಂತು. ಅಮ್ಮನೇ ಒಪ್ಪಿ ಸಹಿ ಮಾಡಿದ್ದು. 436 ರೂಪಾಯಿ ಕಂಡರೆ ಅದು ಜೀವ ವಿಮೆಯದು. ಇವನ್ನು ಶುಲ್ಕವೆಂದು ತಿಳಿದು ಶಾಖೆಯಲ್ಲಿ ಜಗಳವಾಡುವವರನ್ನು ನೋಡಿದ್ದೇನೆ. ಬೇಡವಾದವರು ಲಿಖಿತವಾಗಿ ನಿಲ್ಲಿಸಬಹುದು.

ಈ ಖಾತೆ ಎಲ್ಲರಿಗೂ ಬೇಕೇ ಎಂದು ಕೇಳಿದರೆ, 2019ರಲ್ಲಿ ಕೊಡುತ್ತಿದ್ದ ಉತ್ತರವನ್ನು ಈಗ ಕೊಡಲಾರೆ. ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲೇ ಉಳಿತಾಯ ಖಾತೆಗಳ ಸರಾಸರಿ ಶಿಲ್ಕಿನ ಕಟ್ಟುಪಾಡನ್ನು ತೆಗೆದುಹಾಕಿತು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ತನ್ನ ಎಲ್ಲ ಉಳಿತಾಯ ಖಾತೆಗಳಿಗೂ ಆ ದಂಡವನ್ನು ಕೈಬಿಟ್ಟಿತು. ಪಂಜಾಬ್ ನ್ಯಾಷನಲ್ ಬ್ಯಾಂಕ್ ಜುಲೈನಲ್ಲಿ ಅದೇ ಹಾದಿ ಹಿಡಿಯಿತು. ಇಂಥ ಬ್ಯಾಂಕಿನಲ್ಲಿ ಸಾಮಾನ್ಯ ಖಾತೆ ಇರುವವರು, ತಿಂಗಳಿಗೆ ಹತ್ತಾರು ಸಲ ಹಣ ತೆಗೆಯುವವರು, ಚೆಕ್ ಬರೆಯುವವರು ಮೂಲ ಖಾತೆಗೆ ಬದಲಾಗಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಅವರು ಕಾರ್ಡಿನ ವಾರ್ಷಿಕ ಶುಲ್ಕ ಮತ್ತು ಎಟಿಎಂ ಎಣಿಕೆಯನ್ನು ಗಮನಿಸಿದರೆ ಸಾಕು. ಬೆಂಗಳೂರಿನಲ್ಲಿ ನನ್ನ ಸ್ವಂತ ಖಾತೆಗೆ ಬೇರೆ ಬ್ಯಾಂಕಿನ ಎಟಿಎಂನಲ್ಲಿ ಮೂರೇ ಸಲ ಉಚಿತ, ಊರಿನಲ್ಲಾದರೆ ಐದು. ಮೀರಿದರೆ 2025ರ ಮೇ 1ರಿಂದ ಒಂದು ಸಲಕ್ಕೆ 23 ರೂಪಾಯಿ ಮತ್ತು ತೆರಿಗೆಯವರೆಗೆ ಹಾಕಬಹುದು. ಶಿಲ್ಕು ನೋಡಿದ್ದೂ ಆ ಎಣಿಕೆಗೆ ಸೇರುತ್ತದೆಂಬುದನ್ನು ಬಹಳ ಜನ ಮರೆಯುತ್ತಾರೆ. ದಂಡ ಇನ್ನೂ ಜಾರಿಯಲ್ಲಿರುವ ಬ್ಯಾಂಕುಗಳಲ್ಲಿ ಖಾತೆ ಇಟ್ಟುಕೊಂಡು, ಬಂದದ್ದನ್ನು ಬಂದ ವಾರವೇ ಖರ್ಚು ಮಾಡಬೇಕಾದವರಿಗೆ ಮಾತ್ರ ಮೂಲ ಖಾತೆಯಷ್ಟು ಗಟ್ಟಿ ರಕ್ಷಣೆ ಬೇರೊಂದಿಲ್ಲ.

ಪಕ್ಕದ ಮನೆಯ ಅಕ್ಕನದು ಅಂಥ ಪರಿಸ್ಥಿತಿ. ಗೃಹಲಕ್ಷ್ಮಿಯ 2,000 ರೂಪಾಯಿ ಅವರು ಬಳಸುವ ಖಾತೆಗೆ ಬಾರದೆ, ಆಧಾರ್ ಜೋಡಣೆಯಾಗಿದ್ದ ಹಳೆಯ ಖಾತೆಗೆ ಹೋಗುತ್ತಿತ್ತು. ಅಲ್ಲಿ ಬಾಕಿ ದಂಡವೆಂದು ಒಂದಷ್ಟು ಕಡಿತವಾಗಿ, ಕೈಗೆ ಸಿಗುವಾಗ ಲೆಕ್ಕ ತಪ್ಪುತ್ತಿತ್ತು. ಹೋದ ವಾರ ಊರಿಗೆ ಹೋದಾಗ ಅಮ್ಮನ ಹಳೆಯ ಅರ್ಜಿಯನ್ನೇ ಮಾದರಿಯಾಗಿ ಇಟ್ಟುಕೊಂಡು ಅವರಿಗೂ ಬರೆದುಕೊಟ್ಟೆ, ಫೋನ್ ನಂಬರು ಬದಲಿಸುವ ಫಾರಂ ಅನ್ನೂ ತುಂಬಿಸಿದೆ. ಶಾಖೆಯವರು ಈ ಸಲ ತಕರಾರು ಮಾಡದೆ ಎರಡಕ್ಕೂ ಸೀಲು ಹಾಕಿದರು. ಖಾತೆ ಇನ್ನೂ ಬದಲಾಗಬೇಕಿದೆ. ಸೀಲು ಬಿದ್ದ ಪ್ರತಿಯನ್ನು ಅಕ್ಕ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿ ಇಟ್ಟುಕೊಂಡಿದ್ದಾರೆ.