ಆಂಜಿಯೋಗ್ರಾಂಗೆ ಅಂತ ಒಳಗೆ ಕಳಿಸಿದ್ದೆವು, ಅಷ್ಟೇ

ಅಪ್ಪನಿಗೆ 67. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತಿತ್ತು, ಕೂತರೆ ಬಿಡುತ್ತಿತ್ತು. ಆರು ತಿಂಗಳಿಂದ ಹೀಗೇ. ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ಇದೊಂದು ನೆನಪಿಟ್ಟುಕೊಂಡು ಮುಂದೆ ಓದಿ.

ಒಳಗೆ ಹೋಗಿ ಇಪ್ಪತ್ತು ನಿಮಿಷ ಆಗಿರಬಹುದು, ನನ್ನನ್ನು ಕರೆದರು. ಪರದೆಯ ಮೇಲೆ ಕಪ್ಪು ಬೇರಿನಂಥ ರಕ್ತನಾಳ, ಒಂದು ಕಡೆ ಮಾತ್ರ ದಾರದಷ್ಟು ಸಣ್ಣ. 'ತೊಂಬತ್ತು ಪರ್ಸೆಂಟ್ ಬ್ಲಾಕ್. ಟೇಬಲ್ ಮೇಲೇ ಇದ್ದಾರಲ್ಲ, ಈಗಲೇ ಸ್ಟೆಂಟ್ ಹಾಕಿಬಿಡೋಣ. ಬೇಗ ಹೇಳಿ.' ಸ್ಟೆಂಟ್ ಅಂದರೆ ಬಲೂನಿನಿಂದ ನಾಳ ಹಿಗ್ಗಿಸಿ ಒಳಗೆ ಕೂರಿಸುವ ಸಣ್ಣ ಜಾಲರಿ ಕೊಳವೆ. ಅಮ್ಮನಿಗೆ ಫೋನ್ ಕೂಡ ಮಾಡದೆ ಸಹಿ ಹಾಕಿದೆ. ನಾಲ್ಕು ಪುಟದ ಫಾರಂ, ಪೂರ್ತಿ ಇಂಗ್ಲಿಷು. ಇನ್ನೊಂದು ಕೈಯಲ್ಲಿ ಅಪ್ಪನ ವಾಚು, ಉಂಗುರ ಇದ್ದ ಪ್ಲಾಸ್ಟಿಕ್ ಕವರ್.

ಆ ನಾಳ ಸುಣ್ಣಗಟ್ಟಿ ಗಡುಸಾಗಿತ್ತಂತೆ. ಬಲೂನ್ ಉಬ್ಬಿಸಿದಾಗ ತೂತಾಯಿತು. ರಕ್ತ ಹೃದಯದ ಸುತ್ತಲಿನ ಚೀಲದಲ್ಲಿ ತುಂಬಿಕೊಂಡು ಹೃದಯವನ್ನೇ ಅದುಮಿತು. ಬಿಪಿ 60ಕ್ಕೆ ಇಳಿಯಿತು. ಎದೆಗೆ ಸೂಜಿ ಚುಚ್ಚಿ ರಕ್ತ ಹೊರಗೆಳೆದು, ತೂತು ಮುಚ್ಚಲು ಹೊದಿಕೆ ಇರುವ ಬೇರೆ ಸ್ಟೆಂಟ್ ಹಾಕಿ ಉಳಿಸಿದರು. 11 ದಿನ ಐಸಿಯು. ಮೊದಲೇ ಶುಗರ್ ಇದ್ದ ದೇಹ. ಬಿಪಿ ಬಿದ್ದದ್ದು, ಆಂಜಿಯೋಗ್ರಾಂನಲ್ಲಿ ನಾಳ ಕಾಣಲೆಂದು ಬಿಟ್ಟ ಡೈ ಎರಡೂ ಸೇರಿ ಕಿಡ್ನಿ ಕೈಕೊಟ್ಟಿತು. ಮೂರು ಸಲ ಡಯಾಲಿಸಿಸ್.

ಉಳಿಸಿದ ಋಣ ಇದೆ, ಸುಳ್ಳು ಹೇಳಲ್ಲ. ನಾಳ ತೂತಾಗುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ, ಪಳಗಿದ ಕೈಯಲ್ಲೂ ಆಗುತ್ತದೆ. ನನ್ನ ಸಿಟ್ಟೆಲ್ಲ ಆ 'ಬೇಗ ಹೇಳಿ' ಮೇಲೆ.

ಆಮೇಲೆ ಆಂಜಿಯೋಗ್ರಾಂ ಸಿಡಿ ಹಿಡಿದು ಬೇರೆ ಡಾಕ್ಟರ ಹತ್ತಿರ ಹೋದೆ. ಅವರ ಮೊದಲ ಪ್ರಶ್ನೆ: 'ಮಾತ್ರೆ ಎಷ್ಟು ದಿನ ಕೊಟ್ಟು ನೋಡಿದ್ರು?' ಆಸ್ಪಿರಿನ್ ಬಿಟ್ಟರೆ ಏನೂ ಕೊಟ್ಟಿರಲಿಲ್ಲ. 5,179 ರೋಗಿಗಳ ಮೇಲೆ ನಡೆದ 'ಇಸ್ಕೀಮಿಯಾ' ಎಂಬ ಅಧ್ಯಯನ 2020ರಲ್ಲಿ ಪ್ರಕಟವಾಗಿದೆ. ಅಪ್ಪನಂತೆ ಸ್ಥಿರವಾದ, ಅಂದರೆ ದಿನ ಕಳೆದಂತೆ ಹೆಚ್ಚಾಗದ ಎದೆನೋವು ಇರುವವರಲ್ಲಿ, ಬರೀ ಮಾತ್ರೆಯಿಂದ ಶುರುಮಾಡಿದವರಿಗೆ ಹೋಲಿಸಿದರೆ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ನೋವು ಹೆಚ್ಚು ಇಳಿಯಿತು, ನಿಜ. ಎಡಗಡೆಯ ಮುಖ್ಯ ನಾಳದಲ್ಲೇ ಬ್ಲಾಕ್ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ, ಅವರ ಲೆಕ್ಕವೇ ಬೇರೆ.

ಹಾರ್ಟ್ ಅಟ್ಯಾಕ್ ಆಗುತ್ತಿದ್ದರೆ ಒಂದೊಂದು ನಿಮಿಷವೂ ಮುಖ್ಯ, ಅಲ್ಲಿ ಎರಡನೇ ಅಭಿಪ್ರಾಯ ಅಂತ ಅಲೆಯಬೇಡಿ. ಅದಲ್ಲದಿದ್ದರೆ ಮುಂಚೆಯೇ ಹೇಳಿಬಿಡಿ: 'ಇವತ್ತು ಆಂಜಿಯೋಗ್ರಾಂ ಮಾತ್ರ, ಸಿಡಿ ಕೊಡಿ, ಮನೆಯಲ್ಲಿ ಮಾತಾಡಿ ಬರ್ತೀವಿ.' ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಎಷ್ಟಿದೆ, ಎಡವಟ್ಟಾದರೆ ಎದೆ ತೆರೆಯುವ ಸರ್ಜನ್ ಅದೇ ಕಟ್ಟಡದಲ್ಲಿ ಇದ್ದಾರಾ, ಕೇಳಿ. ನಾವು ಅವತ್ತು ಕೇಳಿದ್ದು ಒಂದೇ, ಪ್ಯಾಕೇಜ್ ಎಷ್ಟು ಅಂತ.