ಬೆಳಗಾವಿ, ಬಾಗಲಕೋಟೆ, ವಿಜಯಪುರ: ಬೇಸಿಗೆ ನೋಡಿ ಮನೆ ಮಾಡೋದಾದರೆ ಎಲ್ಲಿ?

ಬೆಳಗಾವಿ ತಂಪು, ವಿಜಯಪುರ ಬೆಂಕಿ, ಬಾಗಲಕೋಟೆ ಎರಡರ ನಡುವೆ. ನಮ್ಮ ಕಡೆ ಯಾರನ್ನು ಕೇಳಿದರೂ ಇದೇ ಉತ್ತರ. ನೌಕರಿಯ ದೆಸೆಯಿಂದ ಮೂರೂ ಊರಲ್ಲಿ ಬಾಡಿಗೆ ಮನೆ ಹಿಡಿದು ಬೇಸಿಗೆ ಕಳೆದಿದ್ದೇನೆ. ನನ್ನ ಲೆಕ್ಕ ಸ್ವಲ್ಪ ಬೇರೆ. ಪೇಪರಿನಲ್ಲಿ ಬರುವ ಗರಿಷ್ಠ ಉಷ್ಣಾಂಶ ನೋಡಿ ಊರು ಆರಿಸಬೇಡಿ. ಮಧ್ಯಾಹ್ನ ಹೇಗೋ ಕಳೆಯುತ್ತದೆ, ಆಫೀಸಿನಲ್ಲೋ ಅಂಗಡಿಯಲ್ಲೋ ಇರುತ್ತೇವೆ. ರಾತ್ರಿ ನಿದ್ದೆ ಹತ್ತುತ್ತದೋ ಇಲ್ಲವೋ, ಅದನ್ನು ಕೇಳಿ.

ಮೊದಲು ಬೆಳಗಾವಿ. ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ವಿಜಯಪುರ 600ರ ಹತ್ತಿರ, ಬಾಗಲಕೋಟೆ ಅದಕ್ಕಿಂತ ಕೆಳಗೆ. ಎತ್ತರದಲ್ಲಿರುವುದಕ್ಕೇ ತಂಪು ಅಂತಾರೆ. ಆದರೆ ಸಾವಿರ ಮೀಟರ್ ಹತ್ತಿದರೆ ಇಳಿಯುವುದು ಹೆಚ್ಚುಕಡಿಮೆ ಆರೂವರೆ ಡಿಗ್ರಿ. 150 ಮೀಟರಿಗೆ ಒಂದು ಡಿಗ್ರಿ ಸಿಕ್ಕರೆ ಹೆಚ್ಚು. ಉಳಿದದ್ದೆಲ್ಲ ಘಟ್ಟದ ಪುಣ್ಯ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಅಲ್ಲೂ ತಲೆ ಕಾಯುತ್ತದೆ. ಆದರೆ ಸಂಜೆ ಹೊತ್ತಿಗೆ ಗೋವಾ ಕಡೆಯಿಂದ ಗಾಳಿ ಶುರುವಾಗುತ್ತದೆ. ಟಿಳಕವಾಡಿಯಲ್ಲಿ ನಾವಿದ್ದ ಮನೆಯ ಪಡಸಾಲೆಯ ಕಿಟಕಿ ಪಶ್ಚಿಮಕ್ಕಿತ್ತು. ರಾತ್ರಿ ಊಟದ ಹೊತ್ತಿಗೆ ಪಂಖ ಬೇಡ ಅನ್ನಿಸುತ್ತಿತ್ತು. ಬೇಸಿಗೆ ಒಂದನ್ನೇ ನೋಡಿದರೆ ಬೆಳಗಾವಿಗೆ ಪೈಪೋಟಿಯೇ ಇಲ್ಲ.

ಪಂಚಾಯಿತಿ ಶುರುವಾಗುವುದು ಜೂನ್‌ನಲ್ಲಿ. ವರ್ಷಕ್ಕೆ 1,200 ಮಿಲಿಮೀಟರಿಗೂ ಮೇಲೆ ಮಳೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಒಮ್ಮೆ ಹೊಡೆದು ಹೋಗುವ ಮಳೆಯಾದರೆ ಪರವಾಗಿಲ್ಲ. ಇದು ದಿನಗಟ್ಟಲೆ ಜಿಟಿಜಿಟಿ. ಕಪಾಟಿನ ಹಿಂದಿನ ಗೋಡೆಯಲ್ಲಿ ಬೂಷ್ಟು, ಚಪ್ಪಲಿಯ ಮೇಲೆ ಬೂಷ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ನಮ್ಮ ಅವ್ವ ವಿಜಯಪುರ ಜಿಲ್ಲೆಯ ಹಳ್ಳಿಯವಳು. ಮೊಣಕಾಲು ನೋವು ಬೇರೆ. ದಿನಾ ಹಗ್ಗದ ಮೇಲಿನ ಬಟ್ಟೆ ಮುಟ್ಟಿ ನೋಡಿ ಬೈಯುತ್ತಿದ್ದಳು: "ಅರಿವಿ ಒಣಗಲಾರದ ಊರಾಗ ಮನಶ್ಯಾ ಹೆಂಗ ಇರಬೇಕೋ?" ಮಳೆಗಾಲ ಇಷ್ಟಪಡುವವರಿಗೆ ಈ ಮಾತು ತಮಾಷೆ ಅನ್ನಿಸಬಹುದು. ಮನೆಯಲ್ಲಿ ದಮ್ಮು ಇದ್ದವರಿಗೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ಬೆಳಗಾವಿ ಜಿಲ್ಲೆ ಅಂದ ಕೂಡಲೇ ತಂಪು ಅಂದುಕೊಳ್ಳಬೇಡಿ. ಖಾನಾಪುರ, ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆ ಹೋದರೆ ಮಳೆ ಊರಿಗಿಂತ ಎಷ್ಟೋ ಪಟ್ಟು. ಪೂರ್ವಕ್ಕೆ ಗೋಕಾಕ, ಅಥಣಿ ಕಡೆ ಬಂದರೆ ಘಟ್ಟದ ಮಳೆ ನೆರಳಿಗೆ ಬಿದ್ದಿರಿ ಅಂತಲೇ ಅರ್ಥ. ಅಥಣಿಯ ಬೇಸಿಗೆ ವಿಜಯಪುರದ್ದೇ ತಮ್ಮ.

ಬಾಗಲಕೋಟೆ ಬಗ್ಗೆ ನನಗೆ ದೊಡ್ಡ ಆಸೆ ಇತ್ತು. ಆಲಮಟ್ಟಿ ಹಿನ್ನೀರು ಪಕ್ಕದಲ್ಲೇ ಇದೆ, ನೀರಿನ ಮೇಲಿನ ಗಾಳಿ ತಣ್ಣಗಿರುತ್ತದೆ ಅಂತ ಮನೆ ತೋರಿಸುವವರು ಬಣ್ಣಿಸುತ್ತಾರೆ. ಅದು ಚಳಿಗಾಲದ ಮಾತು. ಆಲಮಟ್ಟಿ ತುಂಬುವುದು ಜುಲೈ, ಆಗಸ್ಟ್ ಹೊತ್ತಿಗೆ, ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾಗಿ ಕೃಷ್ಣೆ ಬಂದಾಗ. ಆಮೇಲೆ ಕಾಲುವೆಗೆ, ಕರೆಂಟಿಗೆ, ಕುಡಿಯುವ ನೀರಿಗೆ ಅಂತ ಬಿಡುತ್ತಾ ಬಿಡುತ್ತಾ ಏಪ್ರಿಲ್, ಮೇ ಬರುವಷ್ಟರಲ್ಲಿ ಹಿನ್ನೀರು ದೂರ ಸರಿದಿರುತ್ತದೆ. ತಂಪು ಬೇಕಾದ ತಿಂಗಳಲ್ಲಿ ಕಾಣುವುದು ಬಿರುಕು ಬಿಟ್ಟ ಕೆಸರು. ನೀರು ತುಂಬಿದಾಗ ಬರುವುದು ಸೊಳ್ಳೆ.

ಹಳೇ ಊರಿನ ಒಂದಷ್ಟು ಭಾಗ ಹಿನ್ನೀರಿನಲ್ಲಿ ಮುಳುಗಡೆಯಾದದ್ದಕ್ಕೆ ಎದ್ದ ನವನಗರ ಚೆನ್ನಾಗಿದೆ, ಅದನ್ನು ಒಪ್ಪಬೇಕು. ಅಗಲ ರಸ್ತೆ, ಸೆಕ್ಟರ್ ಸೆಕ್ಟರ್ ಆಗಿ ಮನೆಗಳು, ಗಾಳಿಯಾಡಲು ಜಾಗ. ಆದರೆ ನಾವಿದ್ದದ್ದು ಮೇಲಿನ ಮಹಡಿಯ ಮನೆ. ಇಡೀ ದಿನ ಬಿಸಿಲು ಕುಡಿದ ಸ್ಲ್ಯಾಬು ರಾತ್ರಿ ಹನ್ನೆರಡರ ತನಕ ಅದನ್ನು ಕೋಣೆಯೊಳಗೆ ಬಿಡುತ್ತದೆ. ಮೇ ಕೊನೆಗೆ ಮೋಡ ಕಟ್ಟಿ ಮಳೆ ಬಾರದೆ ಶೇಕಿ ಶುರುವಾಯಿತೆಂದರೆ ಕೂಲರೂ ಕೈಕೊಡುತ್ತದೆ. ಮೂರು ಊರಲ್ಲಿ ನಿದ್ದೆಗೆಟ್ಟ ರಾತ್ರಿಗಳು ಜಾಸ್ತಿ ಇಲ್ಲಿಯವೇ. ಕೆಳಗಿನ ಮಹಡಿ ಸಿಕ್ಕಿದ್ದರೆ ಇಷ್ಟು ಖಾರವಾಗಿ ಬರೆಯುತ್ತಿರಲಿಲ್ಲವೇನೋ.

ಈಗ ವಿಜಯಪುರ. ಬಿಸಿಲಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಏಪ್ರಿಲ್, ಮೇನಲ್ಲಿ 40 ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹನ್ನೊಂದರಿಂದ ಐದರವರೆಗೆ ರಸ್ತೆಗಿಳಿಯಬಾರದು. ಆದರೆ ಗಾಳಿ ಒಣದು. ತಿಕೋಟಾ ಕಡೆ ದ್ರಾಕ್ಷಿಯನ್ನು ಶೆಡ್ಡಿನ ನೆರಳಲ್ಲಿ ಹರವಿ ಬರೀ ಗಾಳಿಗೆ ಒಣಗಿಸುತ್ತಾರೆ, ಅಷ್ಟು ಒಣದು. ಬೆವರು ಬಂದದ್ದು ಅಲ್ಲೇ ಆರುತ್ತದೆ, ಮೈ ಅಂಟುವುದಿಲ್ಲ.

ಅದಕ್ಕೇ ಇಲ್ಲಿ ಕೂಲರ್ ನಿಜವಾಗಿ ಕೆಲಸ ಮಾಡುತ್ತದೆ. ಸುಮ್ನೆ ಕುತೂಹಲಕ್ಕೆ ಥರ್ಮಾಮೀಟರ್ ಹಿಡಿದು ನೋಡಿದೆ. ಹೊರಗೆ ನೆರಳಲ್ಲಿ 40, ಕೂಲರಿನ ಬಾಯಿಗೆ ಹಿಡಿದರೆ 26. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ, ಗಾಳಿ ಒಣಗಿದ್ದಷ್ಟೂ ಆವಿ ಜಾಸ್ತಿ. ಅದೇ ಕೂಲರನ್ನು ಬೆಳಗಾವಿಯಲ್ಲಿ ಜೂನ್‌ನಲ್ಲಿ ಹಚ್ಚಿದಾಗ ಹಾಸಿಗೆ ಒದ್ದೆಯಾಯಿತು, ಅಷ್ಟೇ. ಕಿಟಕಿ ತೆರೆದಿಡುವುದನ್ನು ಮರೆಯಬೇಡಿ. ಮುಚ್ಚಿದ ಕೋಣೆಯಲ್ಲಿ ಕೂಲರ್ ಹಚ್ಚಿದರೆ ವಿಜಯಪುರದಲ್ಲೂ ಶೇಕಿಯೇ. ಕೊಳವೆಬಾವಿಯ ಸವಳು ನೀರು ಹಾಕಿದರೆ ಹುಲ್ಲಿನ ಪ್ಯಾಡಿನ ಮೇಲೆ ಬಿಳಿ ಪದರ ಕಟ್ಟಿ ಗಾಳಿ ಬರುವುದೇ ನಿಲ್ಲುತ್ತದೆ. ನಾನು ನಳದ ನೀರನ್ನೇ ಹಾಕುತ್ತಿದ್ದೆ, ಬೇಸಿಗೆ ನಡುವೆ ಒಮ್ಮೆ ಪ್ಯಾಡು ಬದಲಿಸುತ್ತಿದ್ದೆ.

ಒಣ ಗಾಳಿ, ಮೋಡವಿಲ್ಲದ ಆಕಾಶ. ಹಗಲಿನ ಕಾವು ರಾತ್ರಿ ಬೇಗ ಮೇಲಕ್ಕೆ ಹೋಗಿಬಿಡುತ್ತದೆ. ಬೆಳಗಿನ ಜಾವ ಮಾಳಿಗೆ ಮೇಲೆ ಮಲಗಿದವರು ಚಾದರ ಎಳೆದುಕೊಳ್ಳುತ್ತಾರೆ. ಚಳಿಗಾಲದಲ್ಲಿ ಇದೇ ಕಾರಣಕ್ಕೆ ಇಲ್ಲಿ 10 ಡಿಗ್ರಿಗಿಂತ ಕೆಳಗಿಳಿಯುವ ರಾತ್ರಿಗಳಿವೆ. ಡಿಸೆಂಬರಿನ ಕೆಲವು ರಾತ್ರಿ ಬೆಳಗಾವಿಗಿಂತ ಇಲ್ಲೇ ಥಂಡಿ ಜಾಸ್ತಿ ಅಂದರೆ ಬೆಳಗಾವಿಯವರು ನಂಬುವುದಿಲ್ಲ.

ಇನ್ನು ಜೂನ್, ಜುಲೈ. ಮೋಡ ಕವಿದಿರುತ್ತದೆ, ಪಶ್ಚಿಮದಿಂದ ಜೋರು ಗಾಳಿ, ಮಳೆ ಮಾತ್ರ ಅಷ್ಟಕ್ಕಷ್ಟೆ. ಒಕ್ಕಲುತನದವರು ಆಕಾಶ ನೋಡಿ ನಿಟ್ಟುಸಿರು ಬಿಡುತ್ತಿರುವಾಗ ಇದನ್ನು ಹೊಗಳಲು ಮನಸ್ಸು ಬರುವುದಿಲ್ಲ. ಆದರೂ ಬಾಡಿಗೆ ಮನೆಯಲ್ಲಿ ಕೂತವನಿಗೆ ವರ್ಷದ ಒಳ್ಳೇ ಹವೆ ಅದೇ. ವರ್ಷದ ಒಟ್ಟು ಮಳೆ ಬೆಳಗಾವಿಯ ಅರ್ಧದಷ್ಟು, ಜೋರು ಮಳೆ ಬರುವುದು ಸೆಪ್ಟೆಂಬರಿಗೆ.

ಇಲ್ಲಿ ಓಣಿಗಿಂತ ಮನೆ ಮುಖ್ಯ. ಗೋಳಗುಮ್ಮಟದ ಕಲ್ಲಿನ ಗೋಡೆ ಬಲು ದಪ್ಪ. ಮಟಮಟ ಮಧ್ಯಾಹ್ನ ಒಳಗೆ ಹೋಗಿ ನಿಂತರೆ ಗೊತ್ತಾಗುತ್ತದೆ, ಕಲ್ಲಿಗೆ ಕಾಯಲು ಎಷ್ಟು ಹೊತ್ತು ಬೇಕೆಂದು. ಹಳೇ ಊರಿನ ಮಣ್ಣಿನ ಮಾಳಿಗೆ ಮನೆ ಸಿಕ್ಕರೆ ಅದೃಷ್ಟ, ಆದರೆ ಮಳೆಗಾಲದಲ್ಲಿ ಸೋರುವುದನ್ನು ಕೇಳಿಕೊಳ್ಳಿ. ಸ್ಲ್ಯಾಬಿನ ಮನೆಯಾದರೆ ಮೇಲೆ ಇನ್ನೊಂದು ಮಹಡಿ ಇರಲಿ. ಇಲ್ಲದಿದ್ದರೆ ಮಾರ್ಚ್‌ನಲ್ಲೇ ಮಾಳಿಗೆಗೆ ದಪ್ಪಗೆ ಸುಣ್ಣ ಬಳಿಸಿ. ಮನೆ ನೋಡಲು ಬೆಳಿಗ್ಗೆ ಹೋಗಬೇಡಿ. ರಾತ್ರಿ ಒಂಬತ್ತರ ಮೇಲೆ ಹೋಗಿ ಮಲಗುವ ಕೋಣೆಯ ಪಶ್ಚಿಮ ಗೋಡೆಗೆ ಅಂಗೈ ಇಡಿ. ಬೆಚ್ಚಗಿದ್ದರೆ ಬೇರೆ ಮನೆ ನೋಡಿ. ಮಾಲೀಕರು ಒಂದು ಥರಾ ನೋಡುತ್ತಾರೆ, ನೋಡಲಿ.

ಕೊನೆಗೆ ನಾವು ನಿಂತದ್ದು ವಿಜಯಪುರದಲ್ಲಿ. ಅವ್ವನ ಮೊಣಕಾಲು, ಕೂಲರಿನ ಕಡಿಮೆ ಕರೆಂಟ್ ಬಿಲ್ಲು, ರಾತ್ರಿಯ ನಿದ್ದೆ, ಮೂರೂ ಸೇರಿ ತೀರ್ಮಾನವಾಯಿತು. ದಿನವಿಡೀ ಬಿಸಿಲಲ್ಲಿ ತಿರುಗುವ ಕೆಲಸವಾದರೆ ಬೆಳಗಾವಿಯನ್ನೇ ಆರಿಸುತ್ತಿದ್ದೆ. ನನ್ನ ತಮ್ಮನದು ಅಂಥದೇ ಕೆಲಸ, ಅವನು ಅಲ್ಲೇ ಇದ್ದಾನೆ. ಮೇ ರಜೆಗೆ ಮಕ್ಕಳನ್ನು ಅವನ ಮನೆಗೆ ಕಳಿಸುತ್ತೇವೆ. ಆಗಸ್ಟಿನಲ್ಲಿ ಅವನು ಬಟ್ಟೆಯ ಗಂಟು ಕಟ್ಟಿಕೊಂಡು ಇಲ್ಲಿಗೆ ಬರುತ್ತಾನೆ.